ಎಲೆ ಬರೆಯದೆ ಕಾಡು ಬರೆದವನು



ಈ ವಾರ ಮುಹೂರ್ತದ ಸುದ್ದಿ ಇಲ್ಲ, ತಾರೆಯರ ಗುಟ್ಟೂ ಇಲ್ಲ. ಬಸ್ ಹೊರಡೋ ಮುಂಚೆ ಪತ್ರಿಕೆ ಕೊಂಡು, ಕಿಟಕಿ ಪಕ್ಕ ಕೂತು, ಮೊದಲು ಈ ಪುಟ ತಿರುಗಿಸುವ ಅಭ್ಯಾಸ ಇಟ್ಟುಕೊಂಡವರು ಸ್ವಲ್ಪ ಕ್ಷಮಿಸಬೇಕು. ಕಾರಣ ಇಷ್ಟೇ. ನನ್ನ ಮೇಜಿನ ಮೇಲೆ ಒಂದು ಪತ್ರ ನಾಲ್ಕು ದಿನದಿಂದ ಕೂತಿದೆ. ಅದಕ್ಕೆ ಉತ್ತರ ಬರೆಯದೆ ಬೇರೇನೂ ಬರೆಯಲು ಕೈ ಏಳುತ್ತಿಲ್ಲ.

ಬರೆದವನು ಹಾಸನದ ಕಡೆಯ ಹುಡುಗ. ವಯಸ್ಸು 23. ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಬ್ಯಾಕ್‌ಗ್ರೌಂಡ್ ಬರೆಯುವ ಕೆಲಸ. ಕಾರ್ಟೂನ್ ಚಿತ್ರದಲ್ಲಿ ಹೀರೋ ಓಡುವಾಗ ಹಿಂದೆ ಬೆಟ್ಟ, ಮರ, ಮನೆ ಕಾಣುತ್ತದಲ್ಲ, ಅದು ಇವನ ಕೈಕೆಲಸ. ಅವನ ಮಾತಿನಲ್ಲೇ ಕೇಳಿ:

“ಸಾರ್, ಊರಿಗೆ ಹೋದ್ರೆ ಫ್ರೆಂಡ್ಸು ಯಾವ ಪಿಕ್ಚರ್ ಮಾಡಿದ್ದೀಯೋ ಅಂತಾರೆ. ಹೀರೋ ಹಿಂದಿರೋ ಬೆಟ್ಟ ನಂದು ಅಂದ್ರೆ ನಗ್ತಾರೆ. ಮೊನ್ನೆ ಒಂದು ಸೀನಿಗೆ ಮಂಜು ಮುಸುಕಿದ ಕಾಡು ಬರೆದೆ. ಅರ್ಧ ಜಾಗ ಖಾಲಿ ಬಿಟ್ಟಿದ್ದೆ. ಇದೇನಯ್ಯ ಅರ್ಧಕ್ಕೇ ಬಿಟ್ಟಿದ್ದೀಯ, ತುಂಬಿಸಿ ಕೊಡು ಅಂದ್ರು. ರಾತ್ರಿಯೆಲ್ಲ ಕೂತು ಎಲೆ ತುಂಬಿಸಿದೆ. ಈಗ ಅದು ನನ್ನ ಕಾಡೇ ಅಲ್ಲ. ಟೈಟಲ್‌ನಲ್ಲಿ ಹೆಸರೂ ಬರಲ್ಲ. ಇದೂ ಒಂದು ಕೆಲಸಾನಾ ಸಾರ್? ಬಿಟ್ಟುಬಿಡ್ಲಾ?”

ತಮ್ಮಾ, ಬಿಡು ಅನ್ನುವುದು ಸುಲಭ. ಬಿಡಬೇಡ ಅನ್ನುವುದು ಇನ್ನೂ ಸುಲಭ, ಯಾಕಂದ್ರೆ ರಾತ್ರಿಯೆಲ್ಲ ಕೂರುವವನು ನಾನಲ್ಲ. ಅದಕ್ಕೇ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಅವನೂ ನಿನ್ನ ಹಾಗೇ ಹಿಂದಿನ ಬೆಟ್ಟ ಬರೆದವನು. ಅವನೂ ಜಾಗ ಖಾಲಿ ಬಿಟ್ಟವನು.

ಎಲೆ ಹೆಚ್ಚಾದ ಕಾಡು

‘ಬ್ಯಾಂಬಿ’ ಚಿತ್ರ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ವಾಲ್ಟ್ ಡಿಸ್ನಿಯವರ ಚಿತ್ರ, 1942ರಲ್ಲಿ ಬಿಡುಗಡೆ. ಒಂದು ಜಿಂಕೆಮರಿ ಹುಟ್ಟಿ, ತಾಯಿ ಕಳೆದುಕೊಂಡು, ಬೆಳೆದು ಕಾಡಿನ ದೊರೆಯಾಗುವ ಕಥೆ. ನಾನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ, ಒಂದು ಭಾನುವಾರ ಬೆಳಗಿನ ಆಟ. ಜೊತೆಗೆ ಅಕ್ಕನ ಮಗ, ಐದು ವರ್ಷದವನು. ಮಕ್ಕಳ ಪಿಕ್ಚರ್ ತಾನೆ, ಅವನು ನೋಡಲಿ, ನಾನು ಒಂದು ನಿದ್ದೆ ತೆಗೆಯೋಣ ಅಂತಲೇ ಹೋಗಿದ್ದು. ನಿದ್ದೆ ಬರಲಿಲ್ಲ ಸ್ವಾಮಿ! ತೆರೆಯ ಮೇಲೆ ಕಾಡು ತೆರೆದುಕೊಂಡಿತು ನೋಡಿ, ಎಸಿ ಇಲ್ಲದ ಥಿಯೇಟರಿನಲ್ಲಿ ಮೈಗೆ ಥಂಡಿ ಹತ್ತಿದ ಹಾಗಾಯಿತು.

ಆ ಕಾಡಿನ ಗುಟ್ಟು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದನ್ನು ಈಗ ಬಿಚ್ಚುತ್ತೇನೆ.

1937ರಲ್ಲಿ ಡಿಸ್ನಿಯವರು ‘ಸ್ನೋ ವೈಟ್’ ತಯಾರಿಸಿ ಗೆದ್ದಿದ್ದರು. ಅದರಲ್ಲಿ ಹಿನ್ನೆಲೆ ಅಂದರೆ ಭಾರಿ ಕುಸುರಿ. ಮರದ ತೊಗಟೆ, ಗೋಡೆಯ ಬಿರುಕು, ಮೇಜಿನ ಗೀರು ಎಲ್ಲವೂ ಕಾಣಬೇಕು. ಅದೇ ಕೈಯಲ್ಲಿ ‘ಬ್ಯಾಂಬಿ’ಗೂ ಕಾಡು ಬರೆಯಲು ಹೊರಟರು. ಒಂದೊಂದು ಎಲೆ, ಒಂದೊಂದು ಹುಲ್ಲುಕಡ್ಡಿ. ಫಲ ಏನಾಯಿತು? ಜಿಂಕೆಯೇ ಕಾಣೆ! ಕಂದು ಬಣ್ಣದ ಸಣ್ಣ ಮರಿ, ಸಾವಿರ ಎಲೆಗಳ ನಡುವೆ ನಿಂತರೆ ಕಣ್ಣು ಎಲ್ಲಿಗೆ ಹೋಗಬೇಕು? ಜಾತ್ರೆಯಲ್ಲಿ ಮಗು ಕಳೆದ ಹಾಗೆ, ಹೀರೋ ತನ್ನ ಕಾಡಿನಲ್ಲೇ ಕಳೆದುಹೋದ.

ಆ ಸ್ಟುಡಿಯೋದಲ್ಲಿ ಆಗ ಒಬ್ಬ ಕೆಳದರ್ಜೆಯ ಕಲಾವಿದ ಇದ್ದ. ಹೆಸರು ಟೈರಸ್ ವಾಂಗ್. 1938ರಲ್ಲಿ ಸೇರಿದವನು. ಕೆಲಸ, ‘ಇನ್‌ಬಿಟ್ವೀನರ್’. ಅಂದರೆ ದೊಡ್ಡ ಕಲಾವಿದರು ಪಾತ್ರದ ಮುಖ್ಯ ಭಂಗಿಗಳನ್ನು ಬರೆಯುತ್ತಾರೆ. ಮಿಕ್ಕಿಮೌಸ್ ಕೈ ಕೆಳಗಿರುವುದು ಒಂದು ಚಿತ್ರ, ಮೇಲೆತ್ತಿರುವುದು ಇನ್ನೊಂದು. ನಡುವೆ ಕೈ ಸ್ವಲ್ಪ ಸ್ವಲ್ಪವೇ ಏಳುವ ಚಿತ್ರಗಳಿವೆಯಲ್ಲ, ಅವನ್ನು ದಿನವಿಡೀ ಕೂತು ಬರೆಯುವುದು ಇವನ ಪಾಲು. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಎಷ್ಟು ಚಿತ್ರ ಬೇಕಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಕಣ್ಣು ಬಿದ್ದುಹೋಗುವ ಕೆಲಸ.

‘ಬ್ಯಾಂಬಿ’ ತಯಾರಾಗುತ್ತಿದೆ ಎಂಬ ಸುದ್ದಿ ವಾಂಗ್ ಕಿವಿಗೆ ಬಿತ್ತು. ಫೆಲಿಕ್ಸ್ ಸಾಲ್ಟನ್ ಬರೆದ ಮೂಲ ಕಾದಂಬರಿ ಓದಿದ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ, ತಾನೇ ಕೂತು ಪುಟ್ಟ ಪುಟ್ಟ ಕಾಡಿನ ಚಿತ್ರಗಳನ್ನು ಬರೆದು, ಕಲಾನಿರ್ದೇಶಕ ಟಾಮ್ ಕಾಡ್ರಿಕ್ ಮುಂದೆ ಇಟ್ಟ.

ಆ ಚಿತ್ರಗಳಲ್ಲಿ ಏನಿತ್ತು? ಮಂಜು, ಬೆಳಕು, ನಾಲ್ಕು ಮರದ ನೆರಳು, ನಡುವೆ ಒಂದು ಸಣ್ಣ ಜಿಂಕೆ. ಎಲೆ? ಎಲೆ ಇರಲೇ ಇಲ್ಲ! ಆದರೆ ನೋಡಿದವನಿಗೆ ಇಡೀ ಕಾಡು ಕಂಡಿತು. ಡಿಸ್ನಿಯವರಿಗೂ ಒಪ್ಪಿಗೆಯಾಯಿತು. ಮಿಕ್ಕಿಮೌಸ್ ಕೈ ಏಳಿಸುತ್ತಿದ್ದವನು ಆಮೇಲೆ ನೂರಾರು ಚಿತ್ರ ಬರೆದ. ಉಳಿದ ಹಿನ್ನೆಲೆ ಕಲಾವಿದರು ಅದೇ ದಾರಿ ಹಿಡಿದರು. ಚಿತ್ರದ ಬಣ್ಣ, ಬೆಳಕು, ಗಾಳಿ ಎಲ್ಲ ಆ ಪುಟ್ಟ ಚಿತ್ರಗಳಿಂದ ಹುಟ್ಟಿತು.

ನೀರಿನಲ್ಲಿ ಬರೆದ ಅಕ್ಷರ

ಈ ವಿದ್ಯೆ ಎಲ್ಲಿಂದ ಬಂತು ಅಂತೀರಾ? ಅಮೆರಿಕದ್ದಲ್ಲ. ಟೈರಸ್ ವಾಂಗ್ ಹುಟ್ಟಿದ್ದು 1910ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. 1920ರ ಕೊನೆಗೆ ಅಪ್ಪನ ಕೈ ಹಿಡಿದು ಹಡಗು ಹತ್ತಿದ. ಅಮ್ಮ, ಸೋದರಿ ಊರಲ್ಲೇ ಉಳಿದರು. ಮತ್ತೆ ಅಮ್ಮನ ಮುಖ ಅವನು ನೋಡಲಿಲ್ಲ.

ಆ ಕಾಲದಲ್ಲಿ ಚೀನೀಯರು ಅಮೆರಿಕಕ್ಕೆ ಬರದಂತೆ ತಡೆಯುವ ಕಾನೂನೇ ಇತ್ತು. 1882ರ ಕಾನೂನು, ರದ್ದಾಗಿದ್ದು 1943ರಲ್ಲಿ. ಹಾಗಾಗಿ ಹಲವರು ಬೇರೆಯವರ ಹೆಸರಿನ ಕಾಗದ ಹಿಡಿದು ಒಳಗೆ ಬರುತ್ತಿದ್ದರು. ಹುಡುಗನೂ ಹಾಗೇ ಬಂದ. ಸ್ಯಾನ್‌ಫ್ರಾನ್ಸಿಸ್ಕೋ ಬಳಿಯ ಏಂಜೆಲ್ ದ್ವೀಪದಲ್ಲಿ ಅವನನ್ನು ತಡೆದು ಇಟ್ಟುಕೊಂಡರು. ಅಪ್ಪನನ್ನು ಬಿಟ್ಟರು, ಮಗನನ್ನು ಬಿಡಲಿಲ್ಲ. ಹತ್ತು ವರ್ಷದ ಹುಡುಗ ವಾರಗಟ್ಟಲೆ ಒಬ್ಬನೇ, ಅಧಿಕಾರಿಗಳ ಪ್ರಶ್ನೆಗೆ ಉತ್ತರ ಹೇಳುತ್ತಾ ಕೂತಿದ್ದ. ನೋಡಿ, ಟೈಟಲ್ ಕಾರ್ಡಿಗೆ ಮುಂಚೆಯೇ, ಹೆಸರು ಕಳೆದುಕೊಳ್ಳುವುದು ಅವನಿಗೆ ಆಗಲೇ ಅಭ್ಯಾಸವಾಗಿತ್ತು!

ಅಪ್ಪ ಬಡವ, ಆದರೆ ಮಗನ ಕೈಗೆ ಕುಂಚ ಕೊಟ್ಟ. ಚೀನೀ ಅಕ್ಷರ ತಿದ್ದಿಸಿದ. ಮಸಿ ಕೊಳ್ಳಲು ಕಾಸಿಲ್ಲ. ಹಾಗಾಗಿ ಕುಂಚವನ್ನು ನೀರಿನಲ್ಲಿ ಅದ್ದಿ ಹಳೇ ನ್ಯೂಸ್‌ಪೇಪರ್ ಮೇಲೆ ಬರೆಸುತ್ತಿದ್ದ. ನೀರು ಒಣಗಿದರೆ ಅಕ್ಷರ ಮಾಯ. ಮತ್ತೆ ಬರಿ. ನಮ್ಮಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದ ಅಜ್ಜಂದಿರಿಗೆ ಈ ಪಾಠದ ಬೆಲೆ ಗೊತ್ತು. ಉಳಿಯದ ಅಕ್ಷರವನ್ನೂ ನೆಟ್ಟಗೆ ಬರೆಯಬೇಕು.

ಮುಂದೆ ಲಾಸ್ ಏಂಜಲೀಸಿನ ಓಟಿಸ್ ಕಲಾಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಕಸ ಗುಡಿಸಿಕೊಂಡು ಓದಿದ. ಬಿಡುವಾದಾಗ ಊರಿನ ಗ್ರಂಥಾಲಯಕ್ಕೆ ಹೋಗಿ ಚೀನಾದ ಸೋಂಗ್ ರಾಜವಂಶದ ಕಾಲದ ಚಿತ್ರಗಳನ್ನು ನೋಡುತ್ತಾ ಕೂರುತ್ತಿದ್ದ. ಅಲ್ಲಿ ಅವನಿಗೆ ನಿಜವಾದ ಗುರು ಸಿಕ್ಕಿದ್ದು.

ಬಿಟ್ಟ ಜಾಗ

ಸೋಂಗ್ ಕಾಲ ಅಂದರೆ ಕ್ರಿ.ಶ. 960ರಿಂದ 1279. ಆ ಕಾಲದ ಚಿತ್ರಕಾರರು ಬೆಟ್ಟ-ನೀರು ಬರೆಯುವುದರಲ್ಲಿ ಗಟ್ಟಿಗರು. ಚೀನೀ ಭಾಷೆಯಲ್ಲಿ ಈ ಬಗೆಯ ಚಿತ್ರಕ್ಕೆ ‘ಶಾನ್ ಶ್ವೇ’ ಅಂತಲೇ ಹೆಸರು. ಅರ್ಥ, ಬೆಟ್ಟ ಮತ್ತು ನೀರು. ಅಲ್ಲಿ ಮಸಿ ಒಂದೇ, ಆದರೆ ನೀರು ಬೆರೆಸಿದ ಹಾಗೆ ಕಡುಕಪ್ಪಿನಿಂದ ಹೊಗೆಯ ಬೂದಿಯವರೆಗೆ ಹತ್ತಾರು ಛಾಯೆ. ಹತ್ತಿರದ ಬಂಡೆ ಕಪ್ಪಗೆ, ಆಚೆಯ ಮರ ಮಸುಕು, ದೂರದ ಬೆಟ್ಟ ಇನ್ನೂ ಮಸುಕು. ನಡುವೆ ಬರೀ ಕಾಗದ ಅಥವಾ ರೇಷ್ಮೆ. ಅದನ್ನು ಮುಟ್ಟಿಯೇ ಇಲ್ಲ. ಆದರೆ ನೋಡುವವನಿಗೆ ಅದು ಖಾಲಿ ಅಲ್ಲ, ಮಂಜು. ಕೆಳಗಡೆ ಇದ್ದರೆ ನೀರು. ಮೇಲಿದ್ದರೆ ಆಕಾಶ.

ಮಾ ಯುವಾನ್ ಅಂತ ಒಬ್ಬ ಚಿತ್ರಕಾರ ಇದ್ದ. ‘ಒಂದು ಮೂಲೆಯ ಮಾ’ ಅಂತಲೇ ಅವನಿಗೆ ಅಡ್ಡಹೆಸರು. ಚಿತ್ರವನ್ನೆಲ್ಲ ಒಂದು ಮೂಲೆಯಲ್ಲಿ ಇಟ್ಟು ಮಿಕ್ಕಿದ್ದನ್ನು ಬಿಟ್ಟುಬಿಡುತ್ತಿದ್ದ. ತಮ್ಮಾ, ನಿನ್ನ ಸ್ಟುಡಿಯೋದಲ್ಲಿ ಇದ್ದಿದ್ದರೆ ಅವನಿಗೂ ರಾತ್ರಿ ಡ್ಯೂಟಿ ಗ್ಯಾರಂಟಿ!

ತಮಾಷೆ ಇರಲಿ. ಬಿಟ್ಟ ಜಾಗ ಸೋಮಾರಿತನ ಅಲ್ಲ. ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದಕ್ಕೆ ಬರೆಯುವುದಕ್ಕಿಂತ ಹೆಚ್ಚು ಬುದ್ಧಿ ಬೇಕು. ಸಿನಿಮಾದಲ್ಲಿ ಹಿನ್ನೆಲೆಯ ಕೆಲಸ ಏನು? ಹೀರೋಗೆ ಜಾಗ ಮಾಡಿಕೊಡುವುದು. ವಾಂಗ್ ಮಾಡಿದ್ದು ಅದನ್ನೇ. ಚೌಕಟ್ಟಿನ ಅಂಚಿನಲ್ಲಿ ಪೊದೆ, ಕೊಂಬೆ ಕಪ್ಪಗೆ ಮಸುಕಾಗಿ ಇರುತ್ತವೆ. ಜಿಂಕೆ ನಿಲ್ಲುವ ಕಡೆ ಬೆಳಕು, ನಾಲ್ಕೇ ಹುಲ್ಲು. ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಮುಂದಿನ ಸಲ ನೋಡುವಾಗ ಜಿಂಕೆಯನ್ನು ಬಿಟ್ಟು ಹಿಂದೆ ನೋಡಿ, ನಿಮಗೇ ತಿಳಿಯುತ್ತದೆ.

ಇನ್ನೊಂದು ಸೀನು. ಬ್ಯಾಂಬಿ ಮತ್ತು ತಾಯಿ ಬಯಲಿನಲ್ಲಿ ಓಡುತ್ತಾರೆ. ಗುಂಡಿನ ಶಬ್ದ. ತಾಯಿ ಬಿದ್ದದ್ದು ತೋರಿಸುವುದಿಲ್ಲ, ಬೇಟೆಗಾರನನ್ನೂ ತೋರಿಸುವುದಿಲ್ಲ. ಮರಿ ಓಡಿ ಗೂಡು ಸೇರಿ ತಿರುಗಿ ನೋಡಿದರೆ ಅಮ್ಮ ಇಲ್ಲ. ಮರಗಳ ನಡುವೆ ಹಿಮ ಬೀಳಲು ಶುರು. ದಟ್ಟವಾಗಿ, ಬೂದಿ ಬಣ್ಣಕ್ಕೆ. ಆ ಹಿಮದಲ್ಲಿ ಮರಿಯೇ ಮಸುಕಾಗುತ್ತಾ ಹೋಗುತ್ತದೆ. ರಕ್ತ ಇಲ್ಲ, ಗೋಳಾಟ ಇಲ್ಲ. ಬರೀ ಬಿಟ್ಟ ಜಾಗ.

ಅವತ್ತು ಥಿಯೇಟರಿನಲ್ಲಿ ನನ್ನ ಅಕ್ಕನ ಮಗ ನನ್ನ ತೋಳು ಹಿಡಿದು ಕೇಳಿದ, “ಮಾವಾ, ಅದರಮ್ಮ ಎಲ್ಲಿ ಹೋದ್ಲು?” ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಡೈಲಾಗ್ ಬರೆದು ಬರೆದು ಸವೆದವನು ನಾನು. ನನಗೆ ಅವತ್ತು ಬುದ್ಧಿ ಬಂತು.

ಟೈಟಲ್ ಕಾರ್ಡಿನ ಮೂಲೆ

ಈಗ ಕಹಿ ಭಾಗ. 1941ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಕಲಾವಿದರ ದೊಡ್ಡ ಮುಷ್ಕರ ನಡೆಯಿತು. ವಾಂಗ್ ಮುಷ್ಕರಕ್ಕೆ ಹೋದವನಲ್ಲ. ಆದರೂ ಅದರ ನಂತರದ ಗಲಾಟೆಯಲ್ಲಿ ಅವನ ಕೆಲಸ ಹೋಯಿತು. ‘ಬ್ಯಾಂಬಿ’ ಬಿಡುಗಡೆಯಾಗುವ ಹೊತ್ತಿಗೆ ಆ ಕಾಡು ಬರೆದವನು ಸ್ಟುಡಿಯೋದ ಹೊರಗೆ! ಮೊನ್ನೆ ಚಿತ್ರವನ್ನು ಮತ್ತೆ ಹಾಕಿ, ಟೈಟಲ್ ಬರುವಾಗ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಿನ್ನೆಲೆ ಕಲಾವಿದರ ಪಟ್ಟಿಯಲ್ಲಿ, ಹಲವು ಹೆಸರುಗಳ ನಡುವೆ, ಒಂದೇ ಒಂದು ಸಾಲು ಟೈರಸ್ ವಾಂಗ್. ಕಣ್ಣು ಮಿಟುಕಿಸಿದರೆ ಮುಗಿಯಿತು.

ಅವನು ಕುಗ್ಗಲಿಲ್ಲ. ವಾರ್ನರ್ ಬ್ರದರ್ಸ್ ಸೇರಿ, 1968ರಲ್ಲಿ ನಿವೃತ್ತನಾಗುವ ತನಕ ಚಿತ್ರೀಕರಣಕ್ಕೆ ಮುಂಚೆ ದೃಶ್ಯಗಳನ್ನು ಬರೆದುಕೊಡುವ ಕೆಲಸ ಮಾಡಿದ. ಜೇಮ್ಸ್ ಡೀನ್ ನಟಿಸಿದ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರಕ್ಕೂ ಇವನ ಕೈ ಇದೆ. ಡಿಸ್ನಿ ಸಂಸ್ಥೆ ಅವನಿಗೆ ‘ಡಿಸ್ನಿ ಲೆಜೆಂಡ್’ ಎಂಬ ಗೌರವ ಕೊಟ್ಟಿದ್ದು 2001ರಲ್ಲಿ. ಆಗ ವಯಸ್ಸು 90 ದಾಟಿತ್ತು. ಪಮೇಲಾ ಟಾಮ್ ಅವರು ಅವನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದು 2015ರಲ್ಲಿ. ಮುದುಕನಾದ ಮೇಲೆ ತಾನೇ ಗಾಳಿಪಟ ಮಾಡಿ ಸಾಂಟಾ ಮೋನಿಕಾ ಕಡಲತೀರದಲ್ಲಿ ಹಾರಿಸುತ್ತಿದ್ದ. 2016ರ ಡಿಸೆಂಬರ್ 30ರಂದು ತೀರಿಕೊಂಡಾಗ 106 ವರ್ಷ.

ಅದೇ ಕುಂಚ, ಶಾಂಘೈನಲ್ಲಿ

ವಾಂಗ್ ಹಿನ್ನೆಲೆಯನ್ನು ಚೀನೀ ಕುಂಚದಿಂದ ಬಿಡಿಸಿದ. ಆದರೆ ಮುಂದೆ ನಿಂತ ಜಿಂಕೆ ಡಿಸ್ನಿ ಜಿಂಕೆಯೇ. ಗೆರೆ ಹಾಕಿ ಬಣ್ಣ ತುಂಬಿದ್ದು. ಪಾತ್ರವೂ ಅದೇ ಮಸಿಯಲ್ಲಿ ಕರಗಿದ್ದರೆ ಹೇಗಿರುತ್ತೆ? ಅದನ್ನು ಮಾಡಿ ತೋರಿಸಿದವರು ಚೀನಾದಲ್ಲೇ ಇದ್ದರು. 1957ರಲ್ಲಿ ಶುರುವಾದ ಶಾಂಘೈ ಅನಿಮೇಷನ್ ಸ್ಟುಡಿಯೋ. ಮುಖ್ಯಸ್ಥ, ತೆ ವೇಯ್ ಎಂಬ ನಿರ್ದೇಶಕ.

1960ರ ಆರಂಭದಲ್ಲಿ ಉಪಪ್ರಧಾನಿ ಚೆನ್ ಯಿ ಅವರು ಅನಿಮೇಷನ್ ಪ್ರದರ್ಶನ ನೋಡಲು ಬಂದವರು, ಚಿ ಬಾಯಿಷಿ ಚಿತ್ರಗಳು ಓಡಾಡುವಂತಿದ್ದರೆ ಎಷ್ಟು ಚೆನ್ನ ಎಂಬ ಆಸೆ ಹೇಳಿದರು. ಚಿ ಬಾಯಿಷಿ ಹುಡುಗನಾಗಿದ್ದಾಗ ಬಡಗಿ ಕೆಲಸ ಮಾಡಿ, ಆಮೇಲೆ ದೇಶವೇ ಮೆಚ್ಚುವ ಚಿತ್ರಕಾರನಾದವರು. ಸೀಗಡಿ, ಕಪ್ಪೆ ಬರೆದರೆ ಜೀವ ಬಂದ ಹಾಗೆ.

ಹೇಳೋದು ಸುಲಭ, ಮಾಡೋದು? ಆಗಿನ ಕಾರ್ಟೂನು ಅಂದರೆ ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದು ಒಳಗೆ ಬಣ್ಣ ತುಂಬುವುದು. ಮಸಿ ಚಿತ್ರಕ್ಕೆ ಗೆರೆಯೇ ಇಲ್ಲ, ಕಾಗದದಲ್ಲಿ ಮಸಿ ಹರಡಿಕೊಳ್ಳುತ್ತದೆ. ಒಂದು ಸಲ ಹರಡಿದ ಹಾಗೆ ಇನ್ನೊಂದು ಸಲ ಹರಡುವುದಿಲ್ಲ. ಸಾವಿರ ಚಿತ್ರ ಹಾಗೆ ಬರೆದು ಓಡಿಸಿದರೆ ತೆರೆಯ ಮೇಲೆ ಕಪ್ಪೆ ಈಜುವುದಿಲ್ಲ, ಗಡಗಡ ನಡುಗುತ್ತದೆ! ಹಾಗಾಗಿ ಒಂದೇ ಪ್ರಾಣಿಯ ಕಪ್ಪು, ಬೂದಿ, ಮಸುಕು ಭಾಗಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆದು, ಕ್ಯಾಮೆರಾದಲ್ಲಿ ಮತ್ತೆ ಮತ್ತೆ ಚಿತ್ರೀಕರಿಸಿ ಒಂದು ಮಾಡಿದರು. ಈ ಕ್ಯಾಮೆರಾ ಕೆಲಸದ ಹಿಂದೆ ಇದ್ದವರು ದುವಾನ್ ಶಿಯಾವ್‌ಶುವಾನ್ ಎಂಬ ಹೆಣ್ಣುಮಗಳು. ಬಹುಕಾಲ ಈ ವಿಧಾನವನ್ನು ಗುಟ್ಟಾಗಿ ಕಾಪಾಡಿದರು.

ಹಾಗೆ 1960ರಲ್ಲಿ ಬಂದ ಚಿತ್ರ ‘ಗೊದಮೊಟ್ಟೆಗಳು ಅಮ್ಮನನ್ನು ಹುಡುಕಿದ್ದು’. ಪುಟ್ಟ ಕಪ್ಪು ಮರಿಗಳು ಕಂಡಕಂಡವರನ್ನು ಅಮ್ಮಾ ಅಂದುಕೊಂಡು ಹೋಗುತ್ತವೆ. ಹಿನ್ನೆಲೆ ಏನು? ಎರಡು ತಾವರೆ ಎಲೆ, ಒಂದು ಜೊಂಡು. ಮಿಕ್ಕಿದ್ದೆಲ್ಲ ಖಾಲಿ. ಆದರೆ ಅದು ನೀರೇ ಅಂತ ಮಗುವಿಗೂ ಗೊತ್ತಾಗುತ್ತದೆ. 1961ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂತು.

ಮುಂದಿನದು ‘ದನಗಾಹಿಯ ಕೊಳಲು’, 1963. ಇದಕ್ಕೆ ಎಮ್ಮೆ ಮತ್ತು ದನಗಾಹಿ ಹುಡುಗನ ಚಿತ್ರಗಳಿಗೆ ಹೆಸರಾದ ಲಿ ಕೆರಾನ್ ತಾವೇ 14 ಚಿತ್ರ ಬರೆದುಕೊಟ್ಟರು. ಎಮ್ಮೆ ಕಳೆದುಕೊಂಡ ಹುಡುಗ ಬಿದಿರಿನ ಕೊಳಲು ಊದಿ ಅದನ್ನು ಕರೆಯುತ್ತಾನೆ. ಮಾತೇ ಇಲ್ಲ. ಆಮೇಲೆ 1966ರಿಂದ 76ರವರೆಗೆ ಸಾಂಸ್ಕೃತಿಕ ಕ್ರಾಂತಿಯ ಬಿರುಗಾಳಿ. ಇಂಥ ಚಿತ್ರಗಳಿಗೆ ಬಾಗಿಲು ಮುಚ್ಚಿತು. ಆ ಕೊಳಲಿಗೆ ಡೆನ್ಮಾರ್ಕಿನ ಒಡೆನ್ಸೆ ಉತ್ಸವದಲ್ಲಿ ಬಹುಮಾನ ಸಿಕ್ಕಿದ್ದು 1979ರಲ್ಲಿ, ಹದಿನಾರು ವರ್ಷ ತಡವಾಗಿ.

ಚೀನೀ ಶೈಲಿ ಅಂದರೆ ಬರೀ ಮಸಿ ಅಂದ್ಕೋಬೇಡಿ. ಅದೇ ಸ್ಟುಡಿಯೋದ 1981ರ ‘ಒಂಬತ್ತು ಬಣ್ಣದ ಜಿಂಕೆ’ಗೆ ಹಿನ್ನೆಲೆ ಬರೆಯಲು ಕಲಾವಿದರು ದುನ್‌ಹುವಾಂಗ್ ಗುಹೆಗಳಿಗೆ ಹೋಗಿ ಗೋಡೆಚಿತ್ರಗಳನ್ನು ನಕಲು ಮಾಡಿಕೊಂಡು ಬಂದರು. ಆ ಕಥೆ ಯಾರದು ಗೊತ್ತೇ? ನಮ್ಮದೇ! ಬುದ್ಧನ ಜಾತಕಕಥೆಯ ರುರು ಜಿಂಕೆ. ಇಲ್ಲಿಂದ ಹೋಗಿ, ಅಲ್ಲಿನ ಗೋಡೆ ಹತ್ತಿ, ಕೊನೆಗೆ ತೆರೆಗೆ ಬಂತು.

ಕೊನೆಗೆ 1988ರಲ್ಲಿ ತೆ ವೇಯ್ ಮತ್ತು ಸಂಗಡಿಗರು ಮಾಡಿದ ‘ಬೆಟ್ಟ-ನೀರಿನ ಭಾವ’. ಇದರಲ್ಲಿ ಚಿತ್ರಕಾರ ಕ್ಯಾಮೆರಾದ ಎದುರಿಗೇ ಕುಂಚ ಹಿಡಿದ. ಮಸಿ ಹರಡುತ್ತಾ ಬೆಟ್ಟವಾಗುವುದೇ ತೆರೆಯ ಮೇಲೆ ಕಾಣುತ್ತದೆ. ಒಬ್ಬ ಮುದಿ ಸಂಗೀತಗಾರ, ಒಬ್ಬ ಶಿಷ್ಯ. ಕಲಿಸಿ ಮುಗಿದ ಮೇಲೆ ಗುರು ವಾದ್ಯವನ್ನು ಶಿಷ್ಯನ ಕೈಗಿಟ್ಟು ಬೆಟ್ಟದ ಮಂಜಿನಲ್ಲಿ ಮರೆಯಾಗುತ್ತಾನೆ. ಇಲ್ಲೂ ಒಂದೇ ಒಂದು ಮಾತಿಲ್ಲ.

ನಿನ್ನ ಪ್ರಶ್ನೆಗೆ

ತಮ್ಮಾ, ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ಇದೂ ಒಂದು ಕೆಲಸಾನಾ ಅಂದೆ. ಹೀರೋ ಅಳುವ ಮುಂಚೆ ನೋಡುವವನ ಕಣ್ಣಲ್ಲಿ ನೀರು ತರಿಸುವುದು ಹಿಂದಿನ ಹಿಮ. ಇದು ಕೆಲಸ ಅಲ್ಲದೆ ಇನ್ನೇನು?

ತುಂಬಿಸು ಅಂದವರ ಮೇಲೆ ಕೋಪ ಬೇಡ. ದುಡ್ಡು ಕೊಡುವವನು ತುಂಬಿದ ತಟ್ಟೆ ಕೇಳುತ್ತಾನೆ. ಅವರಿಗೆ ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ಮುಂದಿನ ಸಲ ಎರಡು ಬರಿ. ಒಂದು ತುಂಬಿದ್ದು, ಒಂದು ಬಿಟ್ಟಿದ್ದು. ಎರಡರ ಮುಂದೆಯೂ ಅವರ ಹೀರೋನನ್ನು ನಿಲ್ಲಿಸಿ ತೋರಿಸು. ವಾಂಗ್ ವಾದ ಮಾಡಲಿಲ್ಲ, ಚಿತ್ರ ತಂದು ಮೇಜಿನ ಮೇಲೆ ಇಟ್ಟ. ಆದರೂ ಒಪ್ಪದಿದ್ದರೆ? ತುಂಬಿಸಿ ಕೊಡು, ಸಂಬಳ ತಗೋ, ಆದರೆ ಬಿಟ್ಟ ಕಾಡನ್ನು ಹರಿಯಬೇಡ. ತಾರೀಖು ಹಾಕಿ ಹೆಸರು ಬರೆದು ಜೋಪಾನ ಮಾಡು. ಕೆಲಸ ಒಪ್ಪಿಕೊಳ್ಳುವಾಗಲೇ ಟೈಟಲ್‌ನಲ್ಲಿ ಹೆಸರು ಬರಬೇಕು ಅಂತ ಕಾಗದದಲ್ಲಿ ಕೇಳು. ಕೊಡದಿರಬಹುದು, ಕೇಳಿದ್ದು ತಪ್ಪಲ್ಲ. 90ನೇ ವಯಸ್ಸಿನವರೆಗೆ ಕಾಯುವ ಗ್ರಹಚಾರ ನಿನಗೆ ಬೇಡ.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಆ ಸ್ಟುಡಿಯೋ ಬಿಡು. ಕುಂಚ ಬಿಡಬೇಡ.

ಉಳಿದ ಗೆಳೆಯರಿಗೆ ಒಂದು ಮಾತು. ‘ಶುಭಂ’ ಬಿತ್ತು ಅಂದ ಕೂಡಲೇ ಸೈಕಲ್ ಸ್ಟ್ಯಾಂಡಿಗೆ ಓಡುತ್ತೀರಿ, ನನಗೆ ಗೊತ್ತು, ನಾನೂ ಓಡಿದವನೇ. ಮುಂದಿನ ಸಲ ಎರಡು ನಿಮಿಷ ಕೂತಿರಿ. ಸಣ್ಣ ಅಕ್ಷರದಲ್ಲಿ ಓಡುವ ಹೆಸರುಗಳಲ್ಲಿ ಒಂದನ್ನಾದರೂ ಓದಿ. ಹೀರೋಗೆ ಹೊಡೆಯುವ ಶಿಳ್ಳೆಯಲ್ಲಿ ಒಂದನ್ನು ಅವರಿಗೆ ಉಳಿಸಿಕೊಳ್ಳಿ. ಒಂದು ದಿನ ಅದರಲ್ಲಿ ಹಾಸನದ ಕಡೆಯ ಹೆಸರೊಂದು ಬಂದರೆ ನನಗೆ ಒಂದು ಕಾರ್ಡು ಬರೆಯಿರಿ.

ಮುಂದಿನ ವಾರ ಮತ್ತೆ ಗಾಂಧಿನಗರದ ಸುದ್ದಿಯೊಂದಿಗೆ ಸಿಗುತ್ತೇನೆ. ಬಸ್ ಹೊರಟಿತು ನೋಡಿ, ಟಿಕೆಟ್ ತಗೊಳ್ಳಿ!